ಎರಡಡಿ ಆಳದ ಗಿಡದ ಅಕ್ವೇರಿಯಂಗೆ ಲೈಟು: ಕರೆಂಟು ಉಳಿಯುವ ಹಾಗೆ ಆಯ್ದುಕೊಳ್ಳುವುದು ಹೇಗೆ

ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಮನೆಯಲ್ಲಿ ಸ್ವಲ್ಪ ದೊಡ್ಡದಾಗಿ ಗಿಡದ ಅಕ್ವೇರಿಯಂ ಮಾಡಬೇಕು ಅಂತ ಹೊರಟವರಲ್ಲಿ ಬಹಳ ಮಂದಿ ಬಂದು ನಿಲ್ಲುವ ಅಳತೆ ಇದು. ಸುಮಾರು 450 ಲೀಟರ್ ನೀರು. ನೋಡೋಕೆ ಚೆಂದ, ಮೀನುಗಳಿಗೂ ಆರಾಮ. ತೊಂದರೆ ಶುರುವಾಗುವುದು ತಳದಲ್ಲಿ. ಒಂದಡಿ ಎತ್ತರದ ಟ್ಯಾಂಕಿನಲ್ಲಿ ಹುಲುಸಾಗಿ ಹಬ್ಬಿದ್ದ ಗಿಡ ಇಲ್ಲಿ ಸೊರಗಿ ನಿಲ್ಲುತ್ತದೆ. ಅಂಗಡಿಯಲ್ಲಿ ಕೇಳಿದರೆ "ಇನ್ನೊಂದು ಲೈಟ್ ಹಾಕಿ ಸಾರ್" ಅನ್ನುವ ಉತ್ತರ ರೆಡಿ ಇರುತ್ತದೆ. ಹಾಕಿದರೆ ಮೇಲಿನ ಎಲೆಗಳ ಮೇಲೆಲ್ಲ ಪಾಚಿ, ಕೆಳಗೆ ಅದೇ ಸೊರಗು, ತಿಂಗಳ ಕೊನೆಗೆ ಬಿಲ್ಲು ಬೇರೆ.

ಆಳದ ಟ್ಯಾಂಕಿಗೆ ಲೈಟು ಕೊಳ್ಳುವುದು ಕೊನೆಯ ಕೆಲಸ. ಯಾವ ಗಿಡ, ಅದಕ್ಕೆ ಎಷ್ಟು ಬೆಳಕು ಸಾಕು, ಲೈಟು ನೀರಿನಿಂದ ಎಷ್ಟು ಎತ್ತರದಲ್ಲಿ ಇರಬೇಕು ಅನ್ನುವುದು ಮೊದಲು ತೀರ್ಮಾನವಾಗಬೇಕು. ಕರೆಂಟು ಉಳಿಯುವುದು ಅಲ್ಲೇ. ಆಮೇಲೆ ಯಾವ ಬ್ರ್ಯಾಂಡ್ ಕೊಂಡರೂ ಹೆಚ್ಚು ವ್ಯತ್ಯಾಸ ಆಗುವುದಿಲ್ಲ.

ಮೊದಲು ಒಂದು ತಪ್ಪು ಕಲ್ಪನೆ

ನೀರು ಬೆಳಕನ್ನು ನುಂಗಿಬಿಡುತ್ತೆ, ಅದಕ್ಕೇ ತಳಕ್ಕೆ ಏನೂ ಹೋಗುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ತಿಳಿನೀರಿನಲ್ಲಿ ಅಷ್ಟೇನೂ ನುಂಗುವುದಿಲ್ಲ. ಅರ್ಧ ಮೀಟರ್ ಇಳಿಯುವಷ್ಟರಲ್ಲಿ ಕಡುಗೆಂಪು ಬೆಳಕು ಸುಮಾರು ಐದನೇ ಒಂದು ಪಾಲು ಕಡಿಮೆಯಾಗುತ್ತದೆ. ನೀಲಿ ಬೆಳಕು ಹೆಚ್ಚು ಕಡಿಮೆ ಹಾಗೇ ಇಳಿಯುತ್ತದೆ. ಸಮುದ್ರದ ಲೆಕ್ಕ ಬೇರೆ, ಎರಡಡಿ ತೊಟ್ಟಿಯ ಲೆಕ್ಕ ಬೇರೆ.

ಗಾಜಿನ ಗೋಡೆಯೂ ನಮ್ಮ ಪರವಾಗಿಯೇ ಕೆಲಸ ಮಾಡುತ್ತದೆ. ಮೇಲಿನಿಂದ ಓರೆಯಾಗಿ ಬಂದ ಬೆಳಕು ನೀರಿಗೆ ಹೊಕ್ಕ ಕೂಡಲೇ ಕೆಳಮುಖವಾಗಿ ಬಾಗುತ್ತದೆ. ಆಮೇಲೆ ಪಕ್ಕದ ಗಾಜಿಗೆ ಬಡಿದಾಗ ಅದರಲ್ಲಿ ಬಹುಪಾಲು ಹೊರಗೆ ಹೋಗದೆ ಕನ್ನಡಿಗೆ ಬಡಿದಂತೆ ಒಳಕ್ಕೇ ತಿರುಗುತ್ತದೆ. ಟ್ಯಾಂಕಿನ ಮುಂದೆ ಕೂತು ಓರೆಯಾಗಿ ಪಕ್ಕದ ಗಾಜನ್ನು ನೋಡಿ. ಗಿಡಗಳ ಪ್ರತಿಬಿಂಬ ಕಾಣುತ್ತದೆ ಅಲ್ವಾ? ಅದೇ ಇದು. ಗಾಜಿನ ಒಳಮೈ ಮೇಲೆ ಪಾಚಿ ಕೂತರೆ ಆ ಬೆಳಕು ಪಾಚಿಯ ಪಾಲು.

ಹಾಗಾದರೆ ಬೆಳಕು ಎಲ್ಲಿ ಕಳೆದುಹೋಗುತ್ತದೆ? ಲೈಟನ್ನು ತುಂಬ ಎತ್ತರಕ್ಕೆ ತೂಗಿಬಿಟ್ಟರೆ ಕೋಣೆಯ ನೆಲಕ್ಕೆ. ಮುಚ್ಚಳದ ಗಾಜಿನ ಮೇಲಿನ ಬಿಳಿ ಕಲೆಗಳಿಗೆ. ಹೊಸ ಮರದ ಬೊಡ್ಡೆಯಿಂದ ಚಹಾ ಬಣ್ಣಕ್ಕೆ ತಿರುಗಿದ ನೀರಿಗೆ. ತೇಲುವ ಗಿಡಗಳಿಗೆ. ಮೇಲೆ ದಟ್ಟವಾಗಿ ಹಬ್ಬಿದ ಎಲೆಗಳಿಗೆ. ಇವೆಲ್ಲ ನಮ್ಮ ಕೈಲಿರುವ ವಿಷಯಗಳೇ.

ಹೆಜ್ಜೆ 1: ಗಿಡದ ಪಟ್ಟಿ ಬರೆಯಿರಿ

ಗಿಡಕ್ಕೆ ಬೇಕಾದ ಬೆಳಕನ್ನು ಅಳೆಯುವುದು ಪಾರ್ ಲೆಕ್ಕದಲ್ಲಿ. 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನ ಕಣಗಳು ಒಂದು ಚದರ ಮೀಟರ್ ಜಾಗಕ್ಕೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಅನ್ನುವ ಎಣಿಕೆ ಅದು, ಮೈಕ್ರೋಮೋಲ್‌ಗಳಲ್ಲಿ. ಹವ್ಯಾಸಿಗಳ ಮಾತಿನಲ್ಲಿ ತಳದಲ್ಲಿ 20ರಿಂದ 40 ಪಾರ್ ಇದ್ದರೆ ಕಡಿಮೆ ಬೆಳಕು, 40ರಿಂದ 80 ಮಧ್ಯಮ, ಅದರ ಮೇಲೆ ಹೆಚ್ಚು. ಗೆರೆ ಎಳೆದಷ್ಟು ಖಚಿತವಲ್ಲ, ಆದರೆ ಕೆಲಸಕ್ಕೆ ಸಾಕು.

ಕಡಿಮೆ ಬೆಳಕಿನ ಗುಂಪು ದೊಡ್ಡದು: ಅನುಬಿಯಾಸ್, ಜಾವಾ ಫರ್ನ್, ಬುಸೆಫಲಾಂಡ್ರ, ಪಾಚಿಹುಲ್ಲಿನಂಥ ಜಾವಾ ಮಾಸ್, ಕ್ರಿಪ್ಟೊಕೊರೈನ್‌ಗಳಲ್ಲಿ ಬಹುತೇಕ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಬೆಳೆಯುವ ಕ್ರಿಪ್ಟೊಕೊರೈನ್ ಸ್ಪೈರಾಲಿಸ್, ಲ್ಯಾಜೆನಾಂಡ್ರ ಮೀಬೋಲ್ಡಿ ಕೂಡ ಇದೇ ಸಾಲಿಗೆ ಸೇರುತ್ತವೆ. ಇವನ್ನು ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೊಳ್ಳಿ, ಹೊಳೆಯಿಂದ ಕಿತ್ತು ತರಬೇಡಿ. ಇನ್ನೊಂದು ಕಡೆ ಕೆಂಪು ರೊಟಾಲ ಮ್ಯಾಕ್ರಾಂಡ್ರ ಇದೆ. ಅದೂ ನಮ್ಮ ದೇಶದ್ದೇ, ಆದರೆ ಅದಕ್ಕೆ ಒಳ್ಳೆ ಬೆಳಕೂ ಬೇಕು, ಸಿಲಿಂಡರಿನ ಸಿಓಟು (ಇಂಗಾಲದ ಡೈಆಕ್ಸೈಡ್) ಕೂಡ ಬೇಕು. ತಳಕ್ಕೆ ಹಾಸಿನಂತೆ ಹಬ್ಬುವ ಕ್ಯೂಬಾ, ಮಾಂಟೆ ಕಾರ್ಲೊ ಎರಡೂ ಎರಡಡಿ ಆಳದಲ್ಲಿ ದುಬಾರಿ ಗಿಡಗಳು. ಗಿಡದ ಬೆಲೆ ಕಡಿಮೆಯೇ, ಅದಕ್ಕೆ ಸುಡುವ ಕರೆಂಟು ಜಾಸ್ತಿ.

ಇಲ್ಲಿ ಒಂದು ಸರಳ ದಾರಿ ಇದೆ. ಬೆಳಕನ್ನು ತಳಕ್ಕೆ ತಳ್ಳುವುದಕ್ಕಿಂತ ಗಿಡವನ್ನೇ ಬೆಳಕಿನ ಹತ್ತಿರ ತನ್ನಿ. ಅನುಬಿಯಾಸ್, ಫರ್ನ್‌ಗಳನ್ನು ಮರದ ಬೊಡ್ಡೆಗೆ ದಾರದಲ್ಲಿ ಕಟ್ಟಿ ನೀರಿನ ನಡುಮಟ್ಟಕ್ಕೆ ನಿಲ್ಲಿಸಬಹುದು. ಹಿಂಭಾಗದ ಮಣ್ಣನ್ನು ಆರೆಂಟು ಇಂಚು ಏರಿಸಬಹುದು. ಅಡಿಯಲ್ಲಿ ಕಲ್ಲು ತುಂಬಿದ ಬಟ್ಟೆ ಚೀಲ ಇಟ್ಟು ಮೇಲೆ ಮಣ್ಣು ಹರಡಿದರೆ ಖರ್ಚೂ ಕಡಿಮೆ. ವ್ಯಾಲಿಸ್ನೇರಿಯ, ಅಪೊನೊಜೆಟಾನ್ ಕ್ರಿಸ್ಪಸ್, ತಾವರೆ ಜಾತಿಯ ಗಿಡಗಳು ತಾವೇ ಎದ್ದು ಮೇಲಕ್ಕೆ ಬರುತ್ತವೆ. ಮೊದಮೊದಲು ನಿಧಾನ, ಒಂದಡಿ ದಾಟಿದ ಮೇಲೆ ಅವಕ್ಕೆ ಆಳದ ಚಿಂತೆಯೇ ಇಲ್ಲ.

ಸಿಓಟು ವಿಷಯವನ್ನೂ ಈಗಲೇ ತೀರ್ಮಾನಿಸಿ. ಸಿಓಟು ಕೊಡುವುದಿಲ್ಲ ಅಂತಾದರೆ ತಳದಲ್ಲಿ 40 ಪಾರ್ ದಾಟಿಸಬೇಡಿ. ಅದಕ್ಕಿಂತ ಹೆಚ್ಚು ಬೆಳಕು ಬಿದ್ದರೂ ಗಿಡಕ್ಕೆ ಬಳಸಿಕೊಳ್ಳಲು ಬೇಕಾದ ಇಂಗಾಲ ಸಿಗುವುದಿಲ್ಲ. ಉಳಿದ ಬೆಳಕಿನಲ್ಲಿ ಪಾಚಿ ಬೆಳೆಯುತ್ತದೆ. ಕಾಸು ಕೊಟ್ಟು ಪಾಚಿ ಸಾಕಿದಂತೆ.

ಹೆಜ್ಜೆ 2: ಟೇಪು ಹಿಡಿದು ನಿಜವಾದ ದೂರ ಅಳೆಯಿರಿ

ಟ್ಯಾಂಕಿನ ಎತ್ತರ ಬೇರೆ, ಬೆಳಕು ಸಾಗಬೇಕಾದ ದೂರ ಬೇರೆ. 24 ಇಂಚಿನ ಟ್ಯಾಂಕಿನಲ್ಲಿ ಮಣ್ಣು 3 ಇಂಚು ಹೋಯಿತು. ಉಳಿದದ್ದು 21. ಲೈಟು ಅಂಚಿನಿಂದ 3 ಇಂಚು ಮೇಲೆ ಕೂತರೆ ಮಣ್ಣಿಗೆ 24 ಇಂಚು. ಚಾವಣಿಯಿಂದ ತಂತಿಯಲ್ಲಿ ಇಳಿಬಿಟ್ಟು ಒಂದಡಿ ಮೇಲೆ ನಿಲ್ಲಿಸಿದರೆ 33 ಇಂಚು. ಮುಂದಿನ ಎಲ್ಲ ಲೆಕ್ಕಕ್ಕೂ ಈ ಅಂಕಿಯೇ ಆಧಾರ.

ಇನ್ನೂ ಟ್ಯಾಂಕ್ ಕೊಂಡಿಲ್ಲದವರಿಗೆ ಒಂದು ಮಾತು: ಎತ್ತರ ಎರಡೂವರೆ ಅಡಿಗೆ ಹೋಗಬೇಡಿ. ಬೆಳಕಿನ ಮಾತು ಹಾಗಿರಲಿ, ತಳದ ಗಿಡ ಕತ್ತರಿಸಲು ಕೈ ಹಾಕಿದರೆ ಕಂಕುಳವರೆಗೂ ಮುಳುಗುತ್ತದೆ. ಅದೇ ದುಡ್ಡಿಗೆ ಅಗಲ ಹೆಚ್ಚಿಸಿಕೊಳ್ಳಿ.

ಹೆಜ್ಜೆ 3: ಎಷ್ಟು ವ್ಯಾಟ್ ಬೇಕು?

ಲೀಟರಿಗೆ ಇಷ್ಟು ವ್ಯಾಟ್ ಅನ್ನುವ ಹಳೇ ಸೂತ್ರ ಇನ್ನೂ ಓಡಾಡುತ್ತಿದೆ. ಅದು ದಪ್ಪ ಟ್ಯೂಬ್‌ಲೈಟಿನ ಕಾಲದ್ದು. ಆಗ ಎಲ್ಲರ ಹತ್ತಿರವೂ ಒಂದೇ ಥರದ ದೀಪ ಇದ್ದುದರಿಂದ ಹೇಗೋ ಹೊಂದುತ್ತಿತ್ತು. ಈಗ 20 ವ್ಯಾಟಿನ ಎರಡು ಎಲ್‌ಇಡಿಗಳ ನಡುವೆಯೇ ಅಜಗಜಾಂತರ ಇರುತ್ತದೆ. ನೀರಿನ ಪ್ರಮಾಣವನ್ನು ಬಿಡಿ, ತಳದ ವಿಸ್ತೀರ್ಣ ಹಿಡಿಯಿರಿ.

ನಮ್ಮ ಟ್ಯಾಂಕಿನ ತಳ 1.2 ಮೀಟರ್ ಉದ್ದ, 0.6 ಮೀಟರ್ ಅಗಲ. ಗುಣಿಸಿದರೆ 0.72 ಚದರ ಮೀಟರ್. ಸಿಓಟು ಇಲ್ಲದ ತೊಟ್ಟಿಗೆ 40 ಪಾರ್ ಗುರಿ. 0.72 ಗುಣಿಸು 40, ಅಂದರೆ ತಳಕ್ಕೆ ಮುಟ್ಟಬೇಕಾದದ್ದು ಸೆಕೆಂಡಿಗೆ ಸುಮಾರು 29 ಮೈಕ್ರೋಮೋಲ್. ದೀಪದಿಂದ ಹೊರಟ ಬೆಳಕಿನಲ್ಲಿ ನೂರಕ್ಕೆ 40 ಪಾಲು ಮಾತ್ರ ತಳ ಮುಟ್ಟುತ್ತದೆ ಅಂತ ಜಿಪುಣತನದಿಂದಲೇ ಹಿಡಿಯೋಣ. ಆಗ ದೀಪ ಕೊಡಬೇಕಾದದ್ದು ಸುಮಾರು 72. ಮಧ್ಯಮ ದರ್ಜೆಯ ಬಿಳಿ ಎಲ್‌ಇಡಿ ಪ್ರತಿ ವ್ಯಾಟಿಗೆ 1.8 ಮೈಕ್ರೋಮೋಲ್ ಕೊಡುತ್ತದೆ ಅಂತಿಟ್ಟುಕೊಂಡರೆ 40 ವ್ಯಾಟ್ ಸಾಕು.

ನಲವತ್ತೇ ವ್ಯಾಟಾ ಅಂತ ಅನುಮಾನ ಬರುವುದು ಸಹಜ. ಸಿಓಟು ಇಲ್ಲದ, ನೆರಳು ಸಹಿಸುವ ಗಿಡಗಳ ಟ್ಯಾಂಕಿಗೆ ಅಷ್ಟೇ. ಸಿಓಟು ಹಾಕಿ ರೊಟಾಲ, ಲುಡ್ವಿಜಿಯಾ ಬೆಳೆಸುತ್ತೀರಾದರೆ 80 ಪಾರ್ ಗುರಿ ಇಟ್ಟುಕೊಳ್ಳಿ, ವ್ಯಾಟೂ 80 ಆಗುತ್ತದೆ.

ಡಬ್ಬಿಯ ಮೇಲೆ ಮೈಕ್ರೋಮೋಲ್ ಬರೆದಿರುವುದಿಲ್ಲ, ಬರೆದರೆ ಲೂಮೆನ್ ಬರೆದಿರುತ್ತದೆ. 6500 ಕೆಲ್ವಿನ್ ಬಿಳಿ ಎಲ್‌ಇಡಿಗೆ ಅಂದಾಜು ಲೆಕ್ಕ: 70 ಲೂಮೆನ್‌ಗೆ ಒಂದು ಮೈಕ್ರೋಮೋಲ್. 72 ಮೈಕ್ರೋಮೋಲ್ ಅಂದರೆ ಸುಮಾರು 5000 ಲೂಮೆನ್. ವ್ಯಾಟಿಗೆ 120 ಲೂಮೆನ್ ಕೊಡುವ ದೀಪ ಆದರೆ 42 ವ್ಯಾಟ್. ಎರಡು ದಾರಿಯಲ್ಲಿ ಹೋದರೂ ಹೆಚ್ಚು ಕಡಿಮೆ ಅದೇ ಊರಿಗೆ ಬಂದೆವು. ಕೆಂಪು, ನೀಲಿ ಬಿಡಿಬಿಡಿ ಚಿಪ್ ಇರುವ ಆರ್‌ಜಿಬಿ ಲೈಟಿಗೆ ಮಾತ್ರ ಈ ಲೂಮೆನ್ ಲೆಕ್ಕ ನಡೆಯುವುದಿಲ್ಲ. ಲೂಮೆನ್ ನಮ್ಮ ಕಣ್ಣಿನ ಅಳತೆ. ಕಣ್ಣಿಗೆ ಹಸಿರು ಹೆಚ್ಚು ಕಾಣುತ್ತದೆ, ಕೆಂಪು ನೀಲಿ ಕಡಿಮೆ. ಗಿಡ ಆ ಮೂರನ್ನೂ ಬಳಸಿಕೊಳ್ಳುತ್ತದೆ.

ಹೆಜ್ಜೆ 4: ಯಾವ ಥರದ ದೀಪ

ಹೊಸದಾಗಿ ಕೊಳ್ಳುವವರಿಗೆ ಎಲ್‌ಇಡಿ ಬಿಟ್ಟು ಬೇರೆ ಮಾತಿಲ್ಲ. ಆದರೆ ಕಾರಣ ಸರಿಯಾಗಿ ತಿಳಿದಿರಲಿ. ಒಳ್ಳೆಯ ಟಿ5 ಟ್ಯೂಬು (ತೆಳು ಟ್ಯೂಬ್‌ಲೈಟು) ವ್ಯಾಟಿಗೆ ಸುಮಾರು 90 ಲೂಮೆನ್ ಕೊಡುತ್ತದೆ. ಅಗ್ಗದ ಎಲ್‌ಇಡಿ ಫಿಟಿಂಗ್ ಕೂಡ ಅಷ್ಟೇ ಕೊಡುತ್ತದೆ, ಕೆಲವು ಇನ್ನೂ ಕಡಿಮೆ. ಎಲ್‌ಇಡಿಯ ನಿಜವಾದ ಲಾಭ ಎರಡು. ಟ್ಯೂಬು ಸುತ್ತಲೂ ಬೆಳಕು ಚೆಲ್ಲುತ್ತದೆ, ಮೇಲಕ್ಕೆ ಹೋದದ್ದನ್ನು ರಿಫ್ಲೆಕ್ಟರ್ ಇಟ್ಟು ತಿರುಗಿಸಬೇಕು. ಎಲ್‌ಇಡಿ ಬೆಳಕು ಹುಟ್ಟುವಾಗಲೇ ಒಂದು ಮುಖಕ್ಕೆ ಹೋಗುತ್ತದೆ. ಎರಡನೆಯದು, ಎಲ್‌ಇಡಿಯನ್ನು ಮಂದ ಮಾಡಬಹುದು. ಮಂದ ಮಾಡಿದಾಗ ಅದು ತಣ್ಣಗಿರುತ್ತದೆ, ವ್ಯಾಟಿಗೆ ಕೊಡುವ ಬೆಳಕೂ ಸ್ವಲ್ಪ ಹೆಚ್ಚುತ್ತದೆ. ಅದಕ್ಕೇ 40 ವ್ಯಾಟ್ ಬೇಕಾದಾಗ 60ರದ್ದು ಕೊಂಡು ಡಿಮ್ಮರ್‌ನಲ್ಲಿ ಇಳಿಸಿ ಓಡಿಸುವುದು ಜಾಣತನ. ಗಿಡ ಬೆಳೆದು ದಟ್ಟವಾದಾಗ ಏರಿಸಲು ಜಾಗವೂ ಇರುತ್ತದೆ.

ಈಗಾಗಲೇ ಟಿ5 ಇರುವವರು ಗಾಬರಿಯಿಂದ ಎಸೆಯಬೇಕಿಲ್ಲ. ಒಳ್ಳೆ ರಿಫ್ಲೆಕ್ಟರ್ ಇದ್ದರೆ ಇರುವ ಟ್ಯೂಬು ಮುಗಿಯುವ ತನಕ ಓಡಿಸಿ. ಹೊಸದಾಗಿ ಅದರ ಮೇಲೆ ದುಡ್ಡು ಹಾಕಬೇಡಿ. ಪಾದರಸದ ಬಳಕೆ ತಗ್ಗಿಸುವ ಮಿನಮಾಟ ಒಪ್ಪಂದದ 2023ರ ಸಭೆಯಲ್ಲಿ, ಟ್ಯೂಬ್‌ಲೈಟ್‌ಗಳ ತಯಾರಿಕೆ ಮತ್ತು ಆಮದು ರಫ್ತನ್ನು 2027ರೊಳಗೆ ನಿಲ್ಲಿಸಲು ದೇಶಗಳು ಒಪ್ಪಿವೆ. ಮುಂದೆ ಬದಲಿ ಟ್ಯೂಬು ಸಿಗುವುದೇ ಕಷ್ಟ. ಹಳೇ ಮೆಟಲ್ ಹ್ಯಾಲೈಡ್ ದೀಪಗಳನ್ನು ಮಾತ್ರ ಇವತ್ತೇ ಇಳಿಸಿ. ಬೆಳಕು ಅದ್ಭುತವೇ, ಆದರೆ ಕರೆಂಟಿನ ಜೊತೆ ನೀರನ್ನೂ ಕಾಯಿಸುತ್ತವೆ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ, ಮಂಗಳೂರಿನ ಸೆಕೆಯಲ್ಲಿ ಟ್ಯಾಂಕಿನ ನೀರು ತಾನಾಗಿಯೇ 30 ಡಿಗ್ರಿ ದಾಟುತ್ತದೆ. ಅದಕ್ಕೆ ದೀಪದ ಬಿಸಿ ಸೇರಿದರೆ ತಂಪು ಮಾಡಲು ಫ್ಯಾನು, ಚಿಲ್ಲರ್ ಅಂತ ಮತ್ತಷ್ಟು ಕರೆಂಟು.

ಒಂದು ತಮಾಷೆ. ಬಿಳಿ ಎಲ್‌ಇಡಿ ಅಂದರೆ ನೀಲಿ ಎಲ್‌ಇಡಿಗೆ ಹಳದಿ ಲೇಪ ಕೊಟ್ಟದ್ದು. ಆ ನೀಲಿ ಎಲ್‌ಇಡಿಗಾಗಿ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು ಹಿರೋಷಿ ಅಮಾನೊ. ಗಿಡದ ಅಕ್ವೇರಿಯಂ ಕಲೆಯನ್ನು ಜಗತ್ತಿಗೆ ಪರಿಚಯಿಸಿದ ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ. ಇಬ್ಬರೂ ಬೇರೆ ಬೇರೆ. ಆದರೆ ನಮ್ಮ ಹವ್ಯಾಸಕ್ಕೆ ಇಬ್ಬರು ಅಮಾನೊಗಳ ಋಣವೂ ಇದೆ.

ನೇರಳೆ ಬಣ್ಣದ ಗ್ರೋ ಲೈಟ್ ಬಗ್ಗೆ ಕೇಳುವವರಿದ್ದಾರೆ. ಗಿಡದ ಮಟ್ಟಿಗೆ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಕರೆಂಟೂ ಕಡಿಮೆ. ಆದರೆ ಮೀನು, ಗಿಡ ಎಲ್ಲ ನೇರಳೆಯಾಗಿ ಕಾಣುವ ಟ್ಯಾಂಕನ್ನು ಹಾಲ್‌ನಲ್ಲಿ ಯಾಕೆ ಇಟ್ಟುಕೊಳ್ಳಬೇಕು?

ಹೆಜ್ಜೆ 5: ಎತ್ತರ ಮತ್ತು ಬೆಳಕಿನ ಕೋನ

ಈ ಒಂದು ಹೆಜ್ಜೆಯಲ್ಲಿ ಉಳಿಯುವಷ್ಟು ಕರೆಂಟು ಬೇರೆಲ್ಲೂ ಉಳಿಯುವುದಿಲ್ಲ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಲೆನ್ಸ್ ಇಲ್ಲದ ಸಾಮಾನ್ಯ ಎಲ್‌ಇಡಿ ಸುಮಾರು 120 ಡಿಗ್ರಿ ಕೋನದಲ್ಲಿ ಬೆಳಕು ಹರಡುತ್ತದೆ. ಎರಡಡಿ ಅಗಲದ ಟ್ಯಾಂಕಿನ ನಡುಮಧ್ಯೆ ಉದ್ದಕ್ಕೂ ಇಂಥ ಪಟ್ಟಿ ಲೈಟು ಇದೆ ಅಂದುಕೊಳ್ಳಿ. ನೀರಿನಿಂದ 3 ಇಂಚು ಮೇಲಿದ್ದರೆ ಅಗಲದ ಕಡೆಯಿಂದ ಹೊರಗೆ ಚೆಲ್ಲುವುದು ನೂರಕ್ಕೆ ಮೂರು ಪಾಲು ಮಾತ್ರ. ಅದನ್ನೇ ಒಂದಡಿ ಎತ್ತರಕ್ಕೆ ಏರಿಸಿದರೆ ನೂರಕ್ಕೆ ಸುಮಾರು 30 ಪಾಲು ಹೊರಗೆ. ಟ್ಯಾಂಕಿನ ಅಗಲ ಒಂದೇ ಅಡಿ ಇದ್ದು ಲೈಟು ಒಂದಡಿ ಮೇಲಿದ್ದರೆ ಅರ್ಧಕ್ಕಿಂತ ಜಾಸ್ತಿ ಬೆಳಕು ಹೊರಗೇ ಹೋಯಿತು. 80 ವ್ಯಾಟಿನ ದೀಪ ಕೊಂಡು 40 ವ್ಯಾಟಿನಲ್ಲಿ ಸೋಫಾ ಬೆಳಗಿದಂತಾಯಿತು.

ಫೋಟೋಗಳಲ್ಲಿ ಕಾಣುವ ತೂಗುದೀಪದ ಚೆಂದಕ್ಕೆ ಮಾರುಹೋಗಿ ಸುಮ್ನೆ ಎತ್ತರಕ್ಕೆ ಕಟ್ಟಬೇಡಿ. ಅಂಚಿನ ಮೇಲೆ ಕಾಲಿಟ್ಟು ಕೂರುವ ಲೈಟಿಗೆ 120 ಡಿಗ್ರಿ ಪರವಾಗಿಲ್ಲ. ನೀರೊಳಗೆ ಹೋದ ಬೆಳಕನ್ನು ಗಾಜು ಕಾಯ್ದುಕೊಳ್ಳುತ್ತದೆ. ತೂಗುವುದೇ ಬೇಕು, ಟ್ಯಾಂಕಿನ ಬಾಯಿ ತೆರೆದಿರಬೇಕು, ಗಿಡ ನೀರಿನಿಂದ ಹೊರಗೂ ಬರಬೇಕು ಅನ್ನುವವರು 90 ಅಥವಾ 60 ಡಿಗ್ರಿ ಲೆನ್ಸ್ ಇರುವ ದೀಪ ಹುಡುಕಿ. 30 ಡಿಗ್ರಿಯಂಥ ಕಿರಿದಾದ ಲೆನ್ಸ್ ಬೇಡ. ಅದರ ಕೆಳಗೆ ಬೆಳಕಿನ ಒಂದು ಬಿಲ್ಲೆ ಬೀಳುತ್ತದೆ, ಆ ಬಿಲ್ಲೆಯೊಳಗಿನ ಗಿಡಕ್ಕೆ ಪಾಚಿ, ಹೊರಗಿನದಕ್ಕೆ ಕತ್ತಲು.

ಎರಡಡಿ ಅಗಲಕ್ಕೆ ಒಂದೇ ಪಟ್ಟಿ ನಡುವೆ ಹಾಕಿದರೆ ಮುಂದಿನ ಹಿಂದಿನ ಮೂಲೆಗಳು ಮಂಕು. ಅಷ್ಟೇ ವ್ಯಾಟನ್ನು ಎರಡು ಪಟ್ಟಿಗಳಾಗಿ ಹಂಚಿ, ಒಂದು ಮುಂದಿನ ಮೂರನೇ ಒಂದು ಭಾಗದಲ್ಲಿ, ಇನ್ನೊಂದು ಹಿಂದೆ ಇಡಿ. ಒಟ್ಟು ಕರೆಂಟು ಅಷ್ಟೇ, ಗಿಡಗಳ ಬೆಳವಣಿಗೆ ಸಮ. ಎರಡಕ್ಕೂ ಬೇರೆ ಸ್ವಿಚ್ ಇದ್ದರೆ ಇನ್ನೂ ಒಳ್ಳೆಯದು.

ಹೆಜ್ಜೆ 6: ಡಬ್ಬಿ ತಿರುಗಿಸಿ ಓದಿ

ಮುಂಭಾಗದ ದೊಡ್ಡ ಅಕ್ಷರಗಳನ್ನು ಬಿಡಿ. "100 ವ್ಯಾಟ್ ಬಲ್ಬಿಗೆ ಸಮ" ಅನ್ನುವುದು ಹಳೇ ತಂತಿ ಬಲ್ಬಿನ ಹೋಲಿಕೆ, ನಮಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಹಿಂದೆ ಸಣ್ಣ ಅಕ್ಷರದಲ್ಲಿ ಇರುವ ವ್ಯಾಟ್, ಲೂಮೆನ್ ನೋಡಿ. ಲೂಮೆನನ್ನು ವ್ಯಾಟಿನಿಂದ ಭಾಗಿಸಿ. 100ಕ್ಕಿಂತ ಕೆಳಗೆ ಬಂದರೆ ಡಬ್ಬಿ ವಾಪಸ್ ಇಡಿ. 120 ಒಳ್ಳೆಯದು. ಮನೆಬಳಕೆಯ ಎಲ್‌ಇಡಿ ಬಲ್ಬುಗಳ ಮೇಲೆ ಬಿಇಇ (ಕೇಂದ್ರದ ಇಂಧನ ದಕ್ಷತಾ ಸಂಸ್ಥೆ) ನಕ್ಷತ್ರದ ಚೀಟಿ ಇರುತ್ತದೆ, ಅದೂ ಇದೇ ಲೆಕ್ಕವನ್ನು ಆಧರಿಸಿದ್ದು. ಅಕ್ವೇರಿಯಂ ಲೈಟುಗಳಲ್ಲಿ ಬಹಳಷ್ಟಕ್ಕೆ ಲೂಮೆನ್ನೇ ಬರೆದಿರುವುದಿಲ್ಲ. ವ್ಯಾಟೂ ಇಲ್ಲದೆ ಬರೀ ಎಲ್‌ಇಡಿ ಚುಕ್ಕಿಗಳ ಎಣಿಕೆ ಬರೆದಿದ್ದರೆ ದೂರ ಇರಿ.

ಬಣ್ಣದ ತಾಪ 6500 ಕೆಲ್ವಿನ್ ಆಸುಪಾಸು ಇದ್ದರೆ ಗಿಡ ಹಸಿರಾಗಿ, ನೀರು ತಿಳಿಯಾಗಿ ಕಾಣುತ್ತದೆ. 4000 ಕೂಡ ಗಿಡಕ್ಕೆ ಚೆನ್ನಾಗಿ ಆಗುತ್ತದೆ, ನೋಡೋಕೆ ಸ್ವಲ್ಪ ಹಳದಿ. ಬಣ್ಣ ನಿಜವಾಗಿ ಕಾಣುವ ಅಳತೆಗೆ ಸಿಆರ್‌ಐ ಅನ್ನುತ್ತಾರೆ. 80 ಇದ್ದರೆ ಸಾಕು, 90 ಇದ್ದರೆ ಮೀನಿನ ಕೆಂಪು ಎದ್ದು ಕಾಣುತ್ತದೆ. 90ರ ಚಿಪ್ ವ್ಯಾಟಿಗೆ ಸ್ವಲ್ಪ ಕಡಿಮೆ ಲೂಮೆನ್ ಕೊಡುತ್ತದೆ. ಮಿಸ್ ಕೇರಳ ಮೀನಿನ ಮೈಮೇಲಿನ ಕೆಂಪು ಗೆರೆ ನೋಡಲೆಂದೇ ಟ್ಯಾಂಕ್ ಇಟ್ಟವರು ಆ ನಷ್ಟವನ್ನು ಒಪ್ಪಿಕೊಳ್ಳಬಹುದು.

ಇಷ್ಟು ನೋಡಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ: ಮನೆಗೆ ಹಾಕುವ ನಾಲ್ಕಡಿ ಎಲ್‌ಇಡಿ ಬ್ಯಾಟನ್ (ಉದ್ದ ಪಟ್ಟಿ ದೀಪ) ಯಾಕೆ ಆಗಬಾರದು? ಆಗುತ್ತದೆ. 20 ವ್ಯಾಟ್, 2000 ಲೂಮೆನ್ ಬ್ಯಾಟನ್ ಎರಡೂವರೆ ಬೇಕು, ಅಂದರೆ ಮೂರು ಹಾಕಿ. ಸಿಓಟು ಇಲ್ಲದ ಟ್ಯಾಂಕಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಕೊರತೆ ಎರಡು: ಮಂದ ಮಾಡಲು ಬರುವುದಿಲ್ಲ, ನೀರಾವಿಗೆ ತಡೆ ಇಲ್ಲ. ಬ್ಯಾಟನ್ ಹಾಕುವುದಾದರೆ ಕೆಳಗೆ ಗಾಜಿನ ಮುಚ್ಚಳ ಕಡ್ಡಾಯ. ಕರಾವಳಿಯವರು ಐಪಿ65 (ಧೂಳು, ನೀರು ಒಳಗೆ ಹೋಗದ) ಗುರುತಿನದ್ದನ್ನೇ ಕೊಳ್ಳಿ. ಬೆಂಗಳೂರಿನವರಿಗೆ ಎಸ್‌ಪಿ ರೋಡಿನಲ್ಲಿ ಅಲ್ಯೂಮಿನಿಯಂ ಪಟ್ಟಿ, ಡ್ರೈವರ್ (ದೀಪಕ್ಕೆ ಕರೆಂಟು ಹದಮಾಡಿ ಕೊಡುವ ಡಬ್ಬಿ), ಲೆನ್ಸ್ ಎಲ್ಲ ಬಿಡಿಬಿಡಿಯಾಗಿ ಸಿಗುತ್ತದೆ, ಸೋಲ್ಡರ್ ಹಿಡಿಯಲು ಬರುವವರು ತಾವೇ ಕಟ್ಟಿಕೊಳ್ಳಬಹುದು. ಬರದವರು ನೀರಿನ ಮೇಲೆ ಆ ಪ್ರಯೋಗ ಮಾಡಬೇಡಿ.

ಹೆಜ್ಜೆ 7: ನೀರು ತುಂಬುವ ಮೊದಲು ಅಳೆದು ನೋಡಿ

ಪಾರ್ ಮೀಟರ್ ದುಬಾರಿ. ಕಣ್ಣಿಗೆ ಕಾಣುವ ಬೆಳಕನ್ನು ಅಳೆಯುವ ಲಕ್ಸ್ ಮೀಟರ್ ಒಂದೆರಡು ಸಾವಿರ ರೂಪಾಯಿಗೆ ಬರುತ್ತದೆ. ಅದೂ ಬೇಡ ಅಂದರೆ ಫೋನಿನ ಲಕ್ಸ್ ಆ್ಯಪ್ ಇದೆ, ಅದರ ಅಂಕಿ ಒರಟು, ಆದರೆ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಎಷ್ಟು ವ್ಯತ್ಯಾಸ ಅಂತ ತಿಳಿಯಲು ಸಾಕು.

ಖಾಲಿ ಟ್ಯಾಂಕಿನಲ್ಲಿ ಮಣ್ಣು ಹರಡಿ, ಲೈಟನ್ನು ಅದರ ಜಾಗದಲ್ಲಿಡಿ. ರಾತ್ರಿ ಕೋಣೆಯ ದೀಪ ಆರಿಸಿ. ಮೀಟರನ್ನು ಮಣ್ಣಿನ ಮೇಲೆ ಮುಖ ಮೇಲೆ ಮಾಡಿ ಮಲಗಿಸಿ: ನಡುವೆ, ನಾಲ್ಕು ಮೂಲೆ, ಮುಂದಿನ ಗಾಜಿನ ಅಂಚು. ನಿಮ್ಮ ತಲೆಯ ನೆರಳು ಬೀಳದ ಹಾಗೆ ಪಕ್ಕಕ್ಕೆ ನಿಂತು ಓದಿ. ಬಂದ ಲಕ್ಸನ್ನು 70ರಿಂದ ಭಾಗಿಸಿದರೆ ಅಂದಾಜು ಪಾರ್. 2800 ಲಕ್ಸ್ ಅಂದರೆ 40, 5600 ಅಂದರೆ 80. ನಡುವೆ 3000, ಮೂಲೆಯಲ್ಲಿ 1200 ಬಂದರೆ ಲೈಟು ಬದಲಿಸಬೇಕಿಲ್ಲ, ಜಾಗ ಬದಲಿಸಿ. ಇಲ್ಲವೇ ಆ ಮೂಲೆಗೆ ಕ್ರಿಪ್ಟೊಕೊರೈನ್ ನೆಡಿ. ನೀರು ತುಂಬಿದ ಮೇಲೆ ಅಂಕಿ ಸ್ವಲ್ಪ ಬದಲಾಗುತ್ತದೆ, ತಿಳಿನೀರಾದರೆ ಗಾಜಿನ ಸಹಾಯದಿಂದ ತೀರಾ ಕೆಳಗೇನೂ ಇಳಿಯುವುದಿಲ್ಲ.

ಹೆಜ್ಜೆ 8: ಜೋಡಣೆ

ವೈರು ಟ್ಯಾಂಕಿನಿಂದ ನೇರವಾಗಿ ಪ್ಲಗ್ಗಿಗೆ ಏರಬಾರದು. ಸಾಕೆಟ್ಟಿಗಿಂತ ಕೆಳಗೆ ಒಂದು ಬಳುಕು ಬಂದು ಆಮೇಲೆ ಮೇಲೇರಲಿ. ವೈರಿನ ಮೇಲೆ ಜಾರಿದ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಅರ್ತಿಂಗ್ ಸರಿ ಇದೆಯೇ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್) ಇಲ್ಲದ ಮನೆಯಲ್ಲಿ ಮೊದಲು ಅದನ್ನು ಹಾಕಿಸಿ, ಆಮೇಲೆ ಲೈಟು.

ಮುಚ್ಚಳದ ಗಾಜಿನ ಕಥೆ ಬೇರೆ. ಬೋರ್‌ವೆಲ್ ನೀರು ಬಳಸುವವರ ಮನೆಯಲ್ಲಿ ಗಾಜಿನ ಕೆಳಮೈ ನೋಡಿ. ಆವಿಯ ಹನಿಗಳ ನಡುವೆ ನೀರು ಚಿಮ್ಮಿ ಒಣಗಿದ ಬಿಳಿ ಉಂಗುರಗಳು, ಫಿಲ್ಟರಿನ ಬಾಯಿ ಇರುವ ಕಡೆ ಸುಣ್ಣದ ಹುಡಿಯ ದಪ್ಪ ಪದರ, ಅಂಚಿನಲ್ಲಿ ಹಸಿರು ಪಾಚಿಯ ಗೆರೆ. ಬೆರಳಿನಲ್ಲಿ ಉಜ್ಜಿದರೆ ಹೋಗುವುದಿಲ್ಲ. ಲೈಟು ಎಷ್ಟೇ ದುಬಾರಿಯಾಗಿದ್ದರೂ ಬೆಳಕು ಇದನ್ನು ದಾಟಿಯೇ ಇಳಿಯಬೇಕು. ನಿಂಬೆಹಣ್ಣಿನ ಹೋಳು ಅಥವಾ ವಿನೆಗರ್ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿ, ತೊಳೆದು ಇಡಿ. ವಾರಕ್ಕೊಮ್ಮೆ ನೀರು ಬದಲಿಸುವಾಗಲೇ ಈ ಕೆಲಸ ಮುಗಿಸಿದರೆ ಸುಣ್ಣ ಕಟ್ಟುವುದಿಲ್ಲ. ನೀರು ಚಹಾ ಬಣ್ಣಕ್ಕೆ ತಿರುಗಿದ್ದರೆ ಫಿಲ್ಟರಿಗೆ ಇದ್ದಿಲ ಚೀಲ ಹಾಕಿ, ಹೊಸ ಮರವನ್ನು ಮೊದಲೇ ನೆನೆಸಿ ಕುದಿಸಿ. ಆ ಬಣ್ಣ ನೀಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆ.

ಹೆಜ್ಜೆ 9: ಟೈಮರ್

ಕೈಯಿಂದ ಹಾಕಿ ಆರಿಸುವ ಲೈಟು ಯಾವತ್ತೂ ಬೇಕಾದ್ದಕ್ಕಿಂತ ಜಾಸ್ತಿ ಉರಿಯುತ್ತದೆ. ನೆಂಟರು ಬಂದರು, ಟಿವಿ ನೋಡುತ್ತಾ ಕೂತೆವು, ಹನ್ನೊಂದು ಗಂಟೆ. ಹೊಸ ಟ್ಯಾಂಕಿಗೆ ಮೊದಲ ಕೆಲವು ವಾರ ದಿನಕ್ಕೆ 6 ಗಂಟೆ ಸಾಕು. ಗಿಡ ಬೇರು ಬಿಟ್ಟ ಮೇಲೆ 7, 8ಕ್ಕೆ ಏರಿಸಿ. ಅದರ ಮೇಲೆ ಕೊಡುವ ಗಂಟೆಗಳಿಂದ ಗಿಡಕ್ಕಿಂತ ಪಾಚಿಗೇ ಲಾಭ. ಆಫೀಸಿಗೆ ಹೋಗುವವರು ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಇಟ್ಟುಕೊಂಡರೆ ನೋಡುವ ಸುಖವೂ ಸಿಗುತ್ತದೆ.

ಹಲ್ಲು ತಿರುಗಿಸುವ ಮೆಕ್ಯಾನಿಕಲ್ ಟೈಮರ್ ಅಗ್ಗ. ಆದರೆ ಕರೆಂಟು ಹೋದಷ್ಟು ಹೊತ್ತು ಅದರ ಗಡಿಯಾರವೂ ನಿಲ್ಲುತ್ತದೆ. ದಿನಕ್ಕೆ ಎರಡು ಗಂಟೆ ಪವರ್ ಕಟ್ ಇರುವ ಊರಲ್ಲಿ ಒಂದು ವಾರಕ್ಕೆ ಲೈಟು ನಡುರಾತ್ರಿ ಉರಿಯಲು ಶುರು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಅಥವಾ ಸ್ಮಾರ್ಟ್ ಪ್ಲಗ್ ತಗೊಳ್ಳಿ. ಎಷ್ಟು ಯೂನಿಟ್ ಉರಿಯಿತು ಅಂತ ತೋರಿಸುವ ಸ್ಮಾರ್ಟ್ ಪ್ಲಗ್ ಆದರೆ ಡಬ್ಬಿಯ ಮೇಲೆ ಬರೆದ ವ್ಯಾಟ್ ನಿಜವೋ ಅಂತಲೂ ತಿಳಿಯುತ್ತದೆ.

ಬಿಲ್ಲಿನ ಲೆಕ್ಕ ಸುಲಭ. 40 ವ್ಯಾಟ್ ದಿನಕ್ಕೆ 8 ಗಂಟೆ ಉರಿದರೆ ತಿಂಗಳಿಗೆ 9.6 ಯೂನಿಟ್. 80 ವ್ಯಾಟ್ ಆದರೆ 19.2. ಹಳೇ 250 ವ್ಯಾಟಿನ ಮೆಟಲ್ ಹ್ಯಾಲೈಡ್ ಆದರೆ 60. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ಮೊದಲನೆಯದಕ್ಕೆ 60 ರೂಪಾಯಿ ದಾಟುವುದಿಲ್ಲ, ಕೊನೆಯದಕ್ಕೆ 360. ಗೃಹಜ್ಯೋತಿ ಫಲಾನುಭವಿಗಳಿಗೆ ಈ ವ್ಯತ್ಯಾಸ ಇನ್ನೂ ದೊಡ್ಡದು. 2022-23ರ ಸರಾಸರಿಗೆ ನೂರಕ್ಕೆ ಹತ್ತು (ತೀರಾ ಕಡಿಮೆ ಬಳಸುವವರಿಗೆ 10 ಯೂನಿಟ್) ಸೇರಿಸಿ ಉಚಿತ ಮಿತಿ ನಿಗದಿ ಮಾಡಿದ್ದಾರೆ, ಹೊಸ ಟ್ಯಾಂಕಿನ ಖರ್ಚು ಆ ಸರಾಸರಿಯಲ್ಲಿ ಇರುವುದಿಲ್ಲ. ಒಟ್ಟು 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ಲು ಕಟ್ಟಬೇಕು. ತಿಂಗಳಿಗೆ 150, 160 ಯೂನಿಟ್ ಬಳಸುವ ಮನೆಗೆ 60 ಯೂನಿಟ್ಟಿನ ದೀಪ ಅಂದರೆ ಯೋಜನೆಯಿಂದಲೇ ಹೊರಗೆ. ಫಿಲ್ಟರು, ಏರ್ ಪಂಪು ದಿನದ 24 ಗಂಟೆ ಓಡುತ್ತವೆ, ಅವನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹೆಜ್ಜೆ 10: ಗಿಡ ಹೇಳುವುದನ್ನು ನೋಡಿ ತಿದ್ದಿ

ಎರಡು ವಾರ ಏನೂ ಮುಟ್ಟಬೇಡಿ. ಆಮೇಲೆ ಕಾಂಡದ ಗಿಡ ಒಂದನ್ನು ಹತ್ತಿರದಿಂದ ನೋಡಿ. ಗೆಣ್ಣಿನಿಂದ ಗೆಣ್ಣಿಗೆ ದೂರ ಹೆಚ್ಚಾಗಿ, ಕಾಂಡ ಸಣಕಲಾಗಿ ಮೇಲಕ್ಕೆ ಓಡುತ್ತಿದ್ದರೆ, ಕೆಳಗಿನ ಎಲೆಗಳು ಉದುರಿ ಬರೀ ಕಡ್ಡಿ ಉಳಿದಿದ್ದರೆ ತಳಕ್ಕೆ ಬೆಳಕು ಸಾಲದು. ಮೊದಲು ಮೇಲಿನ ಗಿಡ ಕತ್ತರಿಸಿ, ಮುಚ್ಚಳ ತೊಳೆಯಿರಿ. ಅದರಿಂದ ಆಗದಿದ್ದರೆ ಡಿಮ್ಮರ್ ಸ್ವಲ್ಪ ಏರಿಸಿ. ಗೆಣ್ಣುಗಳು ಒತ್ತೊತ್ತಾಗಿದ್ದು ಎಲೆಯ ಮೇಲೆ ಹಸಿರು ಚುಕ್ಕಿ, ಕೂದಲಿನಂಥ ಪಾಚಿ ಬಂದರೆ ಬೆಳಕು ಜಾಸ್ತಿಯಾಗಿದೆ ಅಥವಾ ಸಿಓಟು, ಗೊಬ್ಬರ ಅದಕ್ಕೆ ಹೊಂದುತ್ತಿಲ್ಲ. ಆಗ ಇಳಿಸುವುದೇ ಸುಲಭ, ಕರೆಂಟೂ ಉಳಿಯಿತು. ಕ್ರಿಪ್ಟೊಕೊರೈನ್ ಎಲೆಗಳು ನೆಟ್ಟ ಹೊಸದರಲ್ಲಿ ಕರಗಿದರೆ ಅದು ಜಾಗ ಬದಲಾದ ಸಿಟ್ಟು. ಬೇರು ಇದ್ದರೆ ಮತ್ತೆ ಚಿಗುರುತ್ತದೆ, ಅದಕ್ಕಾಗಿ ಲೈಟು ಏರಿಸಬೇಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಎತ್ತರವೋ, ಮಂದತೆಯೋ, ಗಂಟೆಯೋ. ಮೂರನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಡಿಮ್ಮರ್ ಏರಿಸುತ್ತಾ ಹೋಗಿ ಪೂರ್ತಿ ಮುಟ್ಟಿದ ಮೇಲೂ ತಳದ ಗಿಡ ಏಳದಿದ್ದರೆ ಮಾತ್ರ ಇನ್ನೊಂದು ಪಟ್ಟಿ ಲೈಟಿಗೆ ಅಂಗಡಿಗೆ ಹೋಗಿ. ಹೋಗುವ ಮುಂಚೆ ಮುಚ್ಚಳದ ಗಾಜನ್ನು ಒಂದು ದಿನ ಪೂರ್ತಿ ತೆಗೆದಿಟ್ಟು ನೋಡಿ. ಮೀನು ಹಾರುವ ಜಾತಿಯದ್ದಾದರೆ ಗಾಜಿನ ಬದಲು ಬಲೆ ಹಾಸಿ. ಬ್ಯಾಟನ್ ಹಾಕಿದವರು ಗಾಜು ತೆಗೆಯಬೇಡಿ, ಉಜ್ಜಿ ತೊಳೆದು ವಾಪಸ್ ಇಟ್ಟು ನೋಡಿ.